ಹೊಸಬರು ಮುಂದಿನ ಭಾನುವಾರವೂ ಬರಬೇಕಾದರೆ: ಕಾರ್ಡು, ಕ್ಯೂಆರ್, ವಾಟ್ಸಾಪ್, ಸಾಫ್ಟ್‌ವೇರ್ ಯಾವುದು ವಾಸಿ?

ಚರ್ಚಿಗೆ ಮೊದಲ ಸಲ ಬಂದವರ ವಿವರ ಪಡೆಯಲು ಈಗ ದಾರಿಗಳಿಗೇನೂ ಬರವಿಲ್ಲ. ಕಾಗದದ ಕಾರ್ಡು ಇದೆ, ಕ್ಯೂಆರ್ ಕೋಡು ಇದೆ, ವಾಟ್ಸಾಪ್, ಎಸ್ಸೆಮ್ಮೆಸ್, ಚರ್ಚುಗಳಿಗೆಂದೇ ಮಾಡಿದ ಸಾಫ್ಟ್‌ವೇರ್ ಎಲ್ಲವೂ ಇವೆ. ಸ್ವಾಗತ ತಂಡದಲ್ಲಿದ್ದುಕೊಂಡು ಇವನ್ನು ಒಂದೊಂದಾಗಿ ಬಳಸಿ ನೋಡಿದ್ದೇನೆ. ಕೆಲವನ್ನು ಒಟ್ಟಿಗೇ ಇಟ್ಟು ನೋಡಿದ್ದೂ ಉಂಟು. ನನ್ನ ಅಳತೆಗೋಲು ಒಂದೇ: ಆರಾಧನೆ ಮುಗಿದ ಮೇಲೆ ಒಬ್ಬ ಮನುಷ್ಯ ಅವರ ಹೆಸರು ಹಿಡಿದು ಮಾತಾಡಿಸುವ ತನಕ ಎಷ್ಟು ಹೊತ್ತು ಹಿಡಿಯಿತು? ಎಷ್ಟು ಜನರ ನಂಬರ್ ಸಿಕ್ಕಿತು ಅನ್ನುವುದು ಆಮೇಲಿನ ಮಾತು. ಪಟ್ಟಿ ತುಂಬಿಸಿಟ್ಟುಕೊಂಡು ಯಾರಿಗೂ ಫೋನ್ ಮಾಡದ ಚರ್ಚ್ ಸಭೆಗಳು ಬೇಕಾದಷ್ಟಿವೆ, ಅಲ್ವಾ?

ಕಾಗದದ ಕಾರ್ಡು ಮತ್ತು ಕ್ಯೂಆರ್ ಫಾರ್ಮು

ಕಾರ್ಡು ಹಳೇ ಕಾಲದ್ದು ಎಂದು ತಳ್ಳಿಹಾಕುವವರೇ ಜಾಸ್ತಿ. ನಾನು ಆ ಪೈಕಿ ಅಲ್ಲ. ಕಾರ್ಡು ತುಂಬುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಬ್ಯಾಟರಿ, ನೆಟ್‌ವರ್ಕ್ ಎಂಬ ತಲೆನೋವಿಲ್ಲ. ಇನ್ನೊಂದು ಸಂಗತಿ ಗಮನಿಸಿದ್ದೇನೆ: ಪ್ರಾರ್ಥನಾ ವಿನಂತಿ ಎಂಬ ಜಾಗದಲ್ಲಿ ಜನ ಮನಸ್ಸು ಬಿಚ್ಚಿ ಬರೆಯುವುದು ಕಾಗದದ ಮೇಲೇ. ಮಗನ ಕೆಲಸ, ಆಪರೇಷನ್ ಡೇಟು, ಮನೆಯೊಳಗಿನ ಜಗಳ ಎಲ್ಲ ಬರುತ್ತದೆ. ಅದೇ ಪ್ರಶ್ನೆಯನ್ನು ಫೋನಿನ ಫಾರ್ಮಿನಲ್ಲಿ ಕೇಳಿದರೆ 'ಕುಟುಂಬಕ್ಕಾಗಿ' ಅಂತ ಒಂದು ಪದ ಒತ್ತಿ ಮುಂದೆ ಹೋಗುತ್ತಾರೆ.

ಕಾರ್ಡಿನ ಕಷ್ಟ ಶುರುವಾಗುವುದು ಅದು ತುಂಬಿದ ಮೇಲೆ. ಕಾಣಿಕೆ ಚೀಲಕ್ಕೆ ಹಾಕಿದ ಕಾರ್ಡು ದುಡ್ಡು ಎಣಿಸುವವರ ಕೋಣೆಗೆ ಹೋಗುತ್ತದೆ. ಅಲ್ಲಿಂದ ಆಫೀಸು. ಆಫೀಸಿನಿಂದ ನಮ್ಮ ಕೈಗೆ ಬರುವಷ್ಟರಲ್ಲಿ ವಾರ ಅರ್ಧ ಕಳೆದಿರುತ್ತದೆ. ಅಷ್ಟಾದ ಮೇಲೂ ನಂಬರಿನಲ್ಲಿರುವುದು 1 ಅಥವಾ 7 ಎಂದು ಬೆಳಕಿಗೆ ಹಿಡಿದು ನೋಡಬೇಕು.

ಕ್ಯೂಆರ್ ಕೋಡಿನಲ್ಲಿ ಈ ತೊಂದರೆ ಇಲ್ಲ. ಜಪಾನಿನ ಡೆನ್ಸೊ ವೇವ್ ಕಂಪನಿ 1994ರಲ್ಲಿ ವಾಹನದ ಬಿಡಿಭಾಗಗಳ ಜಾಡು ಹಿಡಿಯಲು ಮಾಡಿದ ಕೋಡು ಇದು. ಕಾರ್ಖಾನೆಯ ಎಣ್ಣೆ, ಕೊಳೆ ತಡೆಯಬೇಕಿತ್ತಲ್ಲ, ಹಾಗಾಗಿ ತನ್ನ ತಪ್ಪು ತಾನೇ ತಿದ್ದಿಕೊಳ್ಳುವ ಗುಣ ಕೋಡಿಗಿದೆ; ಕೋಡು ಮಾಡುವಾಗ ಅದರ ಮಟ್ಟವನ್ನು ಮೇಲಕ್ಕಿಟ್ಟರೆ ಸುಮಾರು ಶೇ. 30ರಷ್ಟು ಭಾಗ ಹಾಳಾದರೂ ಓದಿಸಿಕೊಳ್ಳುತ್ತದೆ. ಮಡಚಿ ಜೇಬಿಗೆ ಹಾಕಿದ ಆರಾಧನೆಯ ಪತ್ರಿಕೆಯಿಂದಲೂ ಸ್ಕ್ಯಾನ್ ಆಗುತ್ತದೆ.

ಆದರೆ ಪರದೆಯ ಮೇಲೆ ತೋರಿಸುವಾಗ ಒಂದು ಲೆಕ್ಕ ಇದೆ. ಎಷ್ಟು ದೂರದಿಂದ ಸ್ಕ್ಯಾನ್ ಮಾಡಬೇಕೋ ಅದರ ಹತ್ತರಲ್ಲೊಂದು ಪಾಲು ಅಗಲ ಕೋಡಿಗೆ ಬೇಕು. ಕೊನೆಯ ಸಾಲು 15 ಮೀಟರ್ ದೂರ ಇದ್ದರೆ ಕೋಡು ಒಂದೂವರೆ ಮೀಟರ್. ಅಷ್ಟು ದೊಡ್ಡದಾಗಿ ಯಾರು ತೋರಿಸುತ್ತಾರೆ? ಪ್ರಕಟಣೆಯ ಸ್ಲೈಡಿನ ಮೂಲೆಯಲ್ಲಿ ಅಂಟಿಸಿರುತ್ತಾರೆ. ಜನ ಫೋನು ತೆಗೆದು ಲಾಕ್ ಬಿಚ್ಚಿ ಕ್ಯಾಮೆರಾ ಹುಡುಕುವಷ್ಟರಲ್ಲಿ ಸ್ಲೈಡು ಮುಂದಕ್ಕೆ ಹೋಗಿರುತ್ತದೆ. ಹೊಸಬರು ಕೂರುವುದೋ ಹಿಂದಿನ ಸಾಲಿನಲ್ಲಿ. ಮುಂದಿನ ಕುರ್ಚಿಯ ಬೆನ್ನಿಗೆ ನಾಲ್ಕು ಸೆಂಟಿಮೀಟರಿನ ಕೋಡು ಅಂಟಿಸಿದಾಗ ಸ್ಕ್ಯಾನ್ ಮಾಡುವವರು ಕಣ್ಣಿಗೆ ಕಾಣುವಷ್ಟು ಹೆಚ್ಚಿದರು.

ಪ್ರಿಂಟ್ ಹಾಕಿಸುವ ಮುನ್ನ ಇನ್ನೊಂದು ಮಾತು. ಉಚಿತ ಎಂದು ಸಿಗುವ ಕೋಡುಗಳಲ್ಲಿ ಕೆಲವು ನೇರವಾಗಿ ನಿಮ್ಮ ಫಾರ್ಮಿಗೆ ಹೋಗುವುದಿಲ್ಲ, ಕೋಡು ಮಾಡಿಕೊಟ್ಟ ಕಂಪನಿಯ ಸೈಟನ್ನು ಸುತ್ತಿ ಹೋಗುತ್ತವೆ. ಇವಕ್ಕೆ ಡೈನಮಿಕ್ ಕೋಡು ಎನ್ನುತ್ತಾರೆ. ಚಂದಾ ನಿಂತರೆ ಬ್ಯಾನರೂ ಸತ್ತಂತೆ. ಸ್ಟ್ಯಾಟಿಕ್ ಕೋಡಿನಲ್ಲಿ ವಿಳಾಸ ಒಳಗೇ ಇರುತ್ತದೆ, ಅದಕ್ಕೆ ಅವಧಿ ಅಂತ ಇಲ್ಲ.

ಫಾರ್ಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೂಗಲ್ ಫಾರ್ಮ್ಸ್ ಸಾಕು, ಗೂಗಲ್ ಶೀಟಿಗೆ (ಆನ್‌ಲೈನ್ ಕೋಷ್ಟಕಕ್ಕೆ) ಒಮ್ಮೆ ಜೋಡಿಸಿದರೆ ಉತ್ತರಗಳು ತಾವಾಗಿಯೇ ಅಲ್ಲಿಗೆ ಬಂದು ಕೂರುತ್ತವೆ. ಹೆಸರು, ನಂಬರು, ಯಾವಾಗ ಫೋನ್ ಮಾಡಬಹುದು, ಈ ಮೂರನ್ನು ಕೇಳಿ. ಹುಟ್ಟಿದ ದಿನ, ಸ್ನಾನ ದೀಕ್ಷೆ (ಬ್ಯಾಪ್ಟಿಸಂ) ಆಗಿದೆಯೇ, ಯಾವ ಸಭೆಯಿಂದ ಬಂದಿರಿ ಎಂದೆಲ್ಲ ಕೇಳುತ್ತಾ ಹೋದರೆ ಅರ್ಧಕ್ಕೇ ಬಿಟ್ಟು ಫೋನು ಜೇಬಿಗಿಡುತ್ತಾರೆ.

ವಾಟ್ಸಾಪಿನಲ್ಲೇ ಮೂರು ದಾರಿ

ನಿಜವಾದ ಪೈಪೋಟಿ ಇರುವುದು ಇಲ್ಲಿ. ಎಲ್ಲರ ಫೋನಿನಲ್ಲೂ ಇರುವ ಆ್ಯಪು, ಆದರೆ ಒಂದೇ ಆ್ಯಪನ್ನು ಮೂರು ಥರ ಬಳಸಿದರೆ ಮೂರು ಥರದ ಫಲ.

ಮೊದಲನೆಯದು ಗ್ರೂಪು. ನಂಬರ್ ಸಿಕ್ಕ ಕೂಡಲೇ ಸಭೆಯ ಗ್ರೂಪಿಗೆ ಸೇರಿಸಿಬಿಡುವುದು. ಸುಲಭ, ಹಾಗಾಗಿ ಎಲ್ಲರೂ ಮಾಡುತ್ತಾರೆ. ಹೊಸಬರ ಕಡೆಯಿಂದ ನೋಡಿ: ಸಂಜೆ ಫೋನು ತೆಗೆದರೆ ಗುರುತಿಲ್ಲದ ನೂರಾರು ಜನರ ನಡುವೆ ಇದ್ದೀರಿ. ಶುಭೋದಯದ ಹೂವು, ಯಾರದೋ ಹುಟ್ಟುಹಬ್ಬಕ್ಕೆ ಸಾಲು ಸಾಲು ಹಾರೈಕೆ, ಎಲ್ಲಿಂದಲೋ ಬಂದ ಫಾರ್ವರ್ಡು. ಗ್ರೂಪಿನಲ್ಲಿ 1024 ಜನರ ತನಕ ಇರಬಹುದು, ಅಷ್ಟೂ ಜನರಿಗೆ ನಿಮ್ಮ ನಂಬರ್ ಕಾಣುತ್ತದೆ. ಒಬ್ಬರೇ ಬಂದ ಹೆಣ್ಣುಮಗಳಿಗೆ ಇದು ಎಷ್ಟು ಕಿರಿಕಿರಿ ಎಂದು ಗ್ರೂಪ್ ಅಡ್ಮಿನ್ನುಗಳು ಯೋಚಿಸುವುದೇ ಇಲ್ಲ. 2022ರಿಂದ ಗ್ರೂಪು ಬಿಟ್ಟರೆ ಆ ಸುದ್ದಿ ಅಡ್ಮಿನ್ನಿಗೆ ಮಾತ್ರ ಹೋಗುತ್ತದೆ. ಆದರೆ ತುಂಬ ಜನ ಬಿಡುವ ಗೋಜಿಗೇ ಹೋಗುವುದಿಲ್ಲ, ಮ್ಯೂಟ್ ಮಾಡಿ ಮರೆಯುತ್ತಾರೆ. ಆಮೇಲೆ ನೀವು ಎಷ್ಟೇ ಒಳ್ಳೆಯ ವಿಷಯ ಕಳಿಸಿ, ಓದುವವರಿಲ್ಲ.

ಎರಡನೆಯದು ಬ್ರಾಡ್‌ಕಾಸ್ಟ್ ಪಟ್ಟಿ. ಒಂದು ಪಟ್ಟಿಗೆ 256 ಜನ. ಪ್ರತಿಯೊಬ್ಬರಿಗೂ ತಮಗೊಬ್ಬರಿಗೇ ಬಂದ ಮೆಸೇಜಿನಂತೆ ಕಾಣುತ್ತದೆ, ಯಾರ ನಂಬರೂ ಯಾರಿಗೂ ಕಾಣುವುದಿಲ್ಲ. ಗ್ರೂಪಿಗಿಂತ ಎಷ್ಟೋ ಮರ್ಯಾದೆಯ ದಾರಿ. ಆದರೆ ಇದರಲ್ಲೊಂದು ತೊಡಕಿದೆ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜು ತಲುಪುತ್ತದೆ. ಹೊಸಬರು ಯಾಕೆ ಸೇವ್ ಮಾಡಿಕೊಂಡಿರುತ್ತಾರೆ? ಯಾರಿಗೆ ತಲುಪಬೇಕೋ ಅವರಿಗೇ ತಲುಪದ ವ್ಯವಸ್ಥೆ ಇದು. ಹಳಬರಿಗೆ ಕೂಟದ ಸಮಯ ತಿಳಿಸಲು ಚೆನ್ನಾಗಿದೆ.

ಮೂರನೆಯದು ನೇರ ಚಾಟು. ವಾಟ್ಸಾಪ್ ಬಿಸಿನೆಸ್ ಆ್ಯಪಿನಲ್ಲಿ ಒಂದು ಚಿಕ್ಕ ಲಿಂಕು ಮತ್ತು ಅದರ ಕ್ಯೂಆರ್ ಕೋಡು ಸಿಗುತ್ತದೆ. ಸ್ಕ್ಯಾನ್ ಮಾಡಿದರೆ ಫಾರ್ಮು ಬರುವುದಿಲ್ಲ, ಚಾಟ್ ತೆರೆದುಕೊಳ್ಳುತ್ತದೆ. ನಾವು ಮೊದಲೇ ಬರೆದಿಟ್ಟ ಸಾಲು ಅಲ್ಲಿ ಸಿದ್ಧವಾಗಿರುತ್ತದೆ: 'ನಾನು ಇವತ್ತು ಮೊದಲ ಸಲ ಬಂದೆ. ನನ್ನ ಹೆಸರು'. ಅವರು ಹೆಸರು ಸೇರಿಸಿ ಕಳಿಸಿದರೆ ಆಯಿತು. ಅಷ್ಟರಲ್ಲಿ ಮೂರು ಕೆಲಸ ಒಟ್ಟಿಗೆ ಆಗಿರುತ್ತದೆ. ನಂಬರು ತಪ್ಪಿಲ್ಲದೆ ಬಂತು. ಮೊದಲು ಮಾತಾಡಿದವರು ಅವರೇ ಆದ್ದರಿಂದ ನಮ್ಮ ಉತ್ತರ ಅವರಿಗೆ ಅಪರಿಚಿತ ಮೆಸೇಜು ಅನಿಸುವುದಿಲ್ಲ. ಫಾರ್ಮಿನಲ್ಲಿ ಬಿದ್ದಿರುವ ಹೆಸರನ್ನು ಯಾರಾದರೂ ತೆರೆದು ನೋಡಬೇಕು, ಚಾಟ್ ಹಾಗಲ್ಲ, ಟಿಂಗ್ ಎಂದು ಫೋನು ಬಡಿದುಕೊಳ್ಳುತ್ತದೆ.

ಬಿಸಿನೆಸ್ ಆ್ಯಪಿನಲ್ಲಿ ತಾನಾಗಿ ಹೋಗುವ ಸ್ವಾಗತದ ಮೆಸೇಜೂ ಇದೆ. ಮೊದಲ ಸಲ ಬರೆದವರಿಗೆ, ಅಥವಾ 14 ದಿನ ಮಾತಿಲ್ಲದೆ ಮತ್ತೆ ಬರೆದವರಿಗೆ ಹೋಗುತ್ತದೆ. ಅದರಲ್ಲಿ ನಾಟಕ ಬೇಡ. 'ನಿಮ್ಮನ್ನು ಕಂಡು ಹೃದಯ ತುಂಬಿ ಬಂತು' ಎಂಬ ಸಾಲು ಅರೆ ಸೆಕೆಂಡಿನಲ್ಲಿ ಬಂದರೆ ಯಾರೂ ನಂಬುವುದಿಲ್ಲ. ನಮ್ಮದು ಇಷ್ಟೇ: 'ಮೆಸೇಜು ತಲುಪಿತು. ಸಂಜೆಯೊಳಗೆ ನಮ್ಮಲ್ಲೊಬ್ಬರು ನಿಮ್ಮ ಜೊತೆ ಮಾತಾಡುತ್ತಾರೆ.' ಆ ಸಂಜೆ ಮಾತಾಡಲೇಬೇಕು, ಅದೇ ಕಷ್ಟದ ಭಾಗ.

ಕೊರತೆ ಇಲ್ಲವೆಂದಲ್ಲ. ಫೋನು ಒಬ್ಬರ ಕೈಯಲ್ಲಿರುತ್ತದೆ. ಇನ್ನೂ ನಾಲ್ಕು ಸಾಧನಗಳಿಗೆ ಜೋಡಿಸಬಹುದು, ಹಾಗಾಗಿ ತಂಡಕ್ಕೆ ಹಂಚಬಹುದು. ಆದರೆ ಒಬ್ಬರು ಉತ್ತರಿಸಿದ್ದು ಇನ್ನೊಬ್ಬರಿಗೆ ಗೊತ್ತಾಗದೆ ಇಬ್ಬರೂ 'ಹೇಗಿದ್ದೀರಿ' ಎಂದು ಕೇಳುವ ಪ್ರಸಂಗ ಬರುತ್ತದೆ. ಮತ್ತೆ, ನಂಬರ್ ಸಭೆಯದ್ದೇ ಆಗಿರಬೇಕು. ಸ್ವಯಂಸೇವಕರ ಸ್ವಂತ ನಂಬರ್ ಕೊಟ್ಟರೆ ಅವರು ಊರು ಬಿಟ್ಟ ದಿನ ಪರಿಚಯಗಳೂ ಅವರ ಜೊತೆ ಹೊರಟುಹೋಗುತ್ತವೆ.

ಮೂರರಲ್ಲಿ ನನ್ನ ಓಟು ಈ ನೇರ ಚಾಟಿಗೇ, ಅನುಮಾನವೇ ಇಲ್ಲ.

ಎಸ್ಸೆಮ್ಮೆಸ್, ಇಮೇಲ್

ಬೇಗ ಮುಗಿಸುತ್ತೇನೆ. ಎಸ್ಸೆಮ್ಮೆಸ್ ಸಾದಾ ಫೋನಿಗೂ ತಲುಪುತ್ತದೆ, ಅದೊಂದು ಲಾಭ. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಮಾತ್ರ. ಅದೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. 'ನಮಸ್ಕಾರ' ನಮಗೆ ನಾಲ್ಕಕ್ಷರ, ಫೋನಿಗೆ ಏಳು. ಎರಡು ಸಾಲಿನ ಸ್ವಾಗತ ಬರೆದರೆ ಮೂರು ಮೆಸೇಜಿನ ದುಡ್ಡು ಹೋಗುತ್ತದೆ. ಒಮ್ಮೆಲೇ ಎಲ್ಲರಿಗೂ ಕಳಿಸುವ ಸೇವೆಯೊಂದರಿಂದ 'ಪ್ರಿಯ ಫಸ್ಟ್‌ನೇಮ್' ಎಂದು, ಹೆಸರು ಬರಬೇಕಾದ ಜಾಗದಲ್ಲಿ ಆ ಪದವೇ ಕೂತು ಹೋದದ್ದನ್ನೂ ಕಂಡಿದ್ದೇನೆ.

ಇಮೇಲು ಹೊಸಬರ ಸ್ವಾಗತಕ್ಕೆ ನನ್ನ ಮಟ್ಟಿಗೆ ಉಪಯೋಗಕ್ಕೆ ಬರಲಿಲ್ಲ. ತೆರೆದವರೆಷ್ಟು ಎಂಬ ಅಂಕಿಯನ್ನೂ ನಂಬುವಂತಿಲ್ಲ. 2021ರಿಂದ ಆ್ಯಪಲ್ ಮೇಲ್ ತನ್ನ ಬಳಕೆದಾರರ ಪರವಾಗಿ ಇಮೇಲಿನ ಚಿತ್ರಗಳನ್ನು ತಾನೇ ಇಳಿಸಿಕೊಳ್ಳುತ್ತದೆ, ಹಾಗಾಗಿ ಓದದಿದ್ದರೂ ಓದಿದಂತೆ ಲೆಕ್ಕ ಸಿಗಬಹುದು.

ಶೀಟು ಮತ್ತು ಚರ್ಚ್ ಸಾಫ್ಟ್‌ವೇರ್

ಪ್ಲಾನಿಂಗ್ ಸೆಂಟರ್, ಬ್ರೀಜ್, ಚರ್ಚ್‌ಸೂಟ್ ಇವು ಹೆಚ್ಚಾಗಿ ಚಂದಾ ಕಟ್ಟಿ ಬಳಸುವಂಥವು. ಚರ್ಚ್‌ಸಿಆರ್‌ಎಂ ಮುಕ್ತ ತಂತ್ರಾಂಶ, ಅದಕ್ಕೆ ದುಡ್ಡಿಲ್ಲ. ಆದರೆ ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಎಂಬ ವೆಬ್ ತಂತ್ರಾಂಶಗಳನ್ನು ಬಲ್ಲವರೊಬ್ಬರು ಸರ್ವರ್ ನೋಡಿಕೊಳ್ಳುತ್ತಿರಬೇಕು. ಆ ಒಬ್ಬರು ಸಭೆಯಲ್ಲಿ ಇದ್ದಾರೆಯೇ ಎಂಬುದನ್ನು ಮೊದಲು ನೋಡಿ.

ಇಂಥ ಸಾಫ್ಟ್‌ವೇರಿನಲ್ಲಿ ನನಗೆ ಹಿಡಿಸಿದ್ದು ವರ್ಕ್‌ಫ್ಲೋ. ಹೊಸಬರ ಹೆಸರಿನಲ್ಲಿ ಒಂದು ಕಾರ್ಡು ತೆರೆಯುತ್ತದೆ. ಮೊದಲ ಫೋನು, ಎರಡನೇ ವಾರದ ವಿಚಾರಣೆ, ಮನೆಕೂಟಕ್ಕೆ ಕರೆಯುವುದು, ಹೀಗೆ ಹಂತಗಳು. ಪ್ರತಿ ಹಂತಕ್ಕೂ ಒಬ್ಬರ ಹೆಸರು. ದಿನ ಮೀರಿದರೆ ಕಣ್ಣಿಗೆ ಹೊಡೆಯುವಂತೆ ತೋರಿಸುತ್ತದೆ. ಯಾರೋ ಮಾಡಿರುತ್ತಾರೆ ಬಿಡು ಅನ್ನುವ ಮಾತಿಗೆ ಅಲ್ಲಿ ಜಾಗವೇ ಇಲ್ಲ.

ಆದರೆ ಇದೇ ಕೆಲಸವನ್ನು ಸಾದಾ ಶೀಟಿನಲ್ಲೂ ಮಾಡಬಹುದು. ಹೆಸರು, ಬಂದ ದಿನ, ಯಾರ ಹೊಣೆ, ಮುಂದೇನು, ಯಾವಾಗ, ಆಯಿತೇ, ಆರು ಕಾಲಮ್ಮು. 'ಯಾರ ಹೊಣೆ' ಎಂಬಲ್ಲಿ 'ತಂಡ' ಎಂದು ಬರೆಯುವಂತಿಲ್ಲ, ಒಬ್ಬರ ಹೆಸರೇ ಇರಬೇಕು. ಭಾನುವಾರಕ್ಕೆ ಬೆರಳೆಣಿಕೆಯಷ್ಟು ಹೊಸಬರು ಬರುವ ಸಭೆಗೆ ಇಷ್ಟು ಸಾಕು. ಸಾಫ್ಟ್‌ವೇರ್ ಕೊಂಡ ಮೇಲೆ ಅದನ್ನು ಕಲಿಸುವುದು, ಪಾಸ್‌ವರ್ಡ್ ಮರೆತವರಿಗೆ ಮತ್ತೆ ಕೊಡುವುದು, ಇದರಲ್ಲೇ ಸ್ವಾಗತ ತಂಡದ ಅರ್ಧ ಹೊತ್ತು ಹೋಗುತ್ತದೆ.

ಒಂದು ಕಡೆ ಮಾತ್ರ ಸಾಫ್ಟ್‌ವೇರಿಗೆ ಎದುರಿಲ್ಲ: ಸಂಡೇ ಸ್ಕೂಲಿನ ಬಾಗಿಲಲ್ಲಿ. ಹೊಸ ದಂಪತಿ ಮಗುವನ್ನು ಕರೆತಂದಿದ್ದಾರೆ. ಗುರುತಿಲ್ಲದವರ ಕೈಗೆ ಮಗುವನ್ನು ಹೇಗೆ ಕೊಡುವುದು ಎಂಬ ಅಳುಕು ತಾಯಿಯ ಮುಖದಲ್ಲೇ ಕಾಣುತ್ತದೆ. ಮಗುವಿನ ಹೆಸರನ್ನು ಸಾಫ್ಟ್‌ವೇರಿನಲ್ಲಿ ದಾಖಲಿಸಿ ಚೆಕ್ ಇನ್ ಮಾಡಿದರೆ ಎರಡು ಚೀಟಿ ಪ್ರಿಂಟ್ ಆಗುತ್ತವೆ. ಮಗುವಿನ ಬೆನ್ನಿಗೆ ಅಂಟುವ ಚೀಟಿಯಲ್ಲಿ ಹೆಸರು, ಅಲರ್ಜಿ ಇದ್ದರೆ ಅದು, ಜೊತೆಗೊಂದು ಕೋಡು. ತಾಯಿಯ ಕೈಯಲ್ಲಿರುವ ಚೀಟಿಯಲ್ಲೂ ಅದೇ ಕೋಡು. ಎರಡೂ ಹೊಂದಿದರೆ ಮಾತ್ರ ಮಗುವನ್ನು ಕೊಡುತ್ತಾರೆ. ಆ ಚೀಟಿ ಕೈಗೆ ಬಂದ ಮೇಲೆ ತಾಯಿ ಒಳಗೆ ಹೋಗಿ ನೆಮ್ಮದಿಯಾಗಿ ಕೂರುತ್ತಾಳೆ. ಮಕ್ಕಳಿರುವ ಮನೆಯವರು ಮತ್ತೆ ಬರುವುದು ಬಿಡುವುದು ಎಷ್ಟೋ ಸಲ ಪಾದ್ರಿಯ ಪ್ರಸಂಗಕ್ಕಿಂತ ಆ ಬಾಗಿಲ ಮೇಲೆ ನಿಂತಿರುತ್ತದೆ. ಮಕ್ಕಳು ಜಾಸ್ತಿ ಇದ್ದರೆ ಸಾಫ್ಟ್‌ವೇರಿಗೆ ಹಾಕುವ ದುಡ್ಡು ಇಲ್ಲಿಗೇ ಹೋಗಲಿ.

ಮಾಹಿತಿ ಯಾರ ಕೈಯಲ್ಲಿ

ಯಾವುದನ್ನೇ ಆರಿಸಿ, ಒಬ್ಬರ ನಂಬಿಕೆ, ಕಾಯಿಲೆ, ಮನೆಯ ಕಷ್ಟ ನಿಮ್ಮ ಕೈಗೆ ಬರುತ್ತಿದೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣೆಯ ಕಾಯ್ದೆ ಧಾರ್ಮಿಕ ನಂಬಿಕೆಯನ್ನೂ ಆರೋಗ್ಯದ ವಿವರವನ್ನೂ ವಿಶೇಷ ರಕ್ಷಣೆ ಬೇಕಾದ ಮಾಹಿತಿ ಎಂದೇ ಎಣಿಸುತ್ತದೆ. ಕಾಯ್ದೆ ಇರಲಿ ಬಿಡಲಿ, ಪ್ರಾರ್ಥನಾ ವಿನಂತಿಯನ್ನು ಕೇಳದೆ ಗ್ರೂಪಿಗೆ ಹಾಕಬೇಡಿ. 'ಸಹೋದರಿಯ ಮನೆಯ ಸಮಸ್ಯೆಗಾಗಿ ಪ್ರಾರ್ಥಿಸಿ' ಎಂದು ಬಂದರೆ ಆ ಸಹೋದರಿ ಯಾರೆಂದು ಊಹಿಸಲು ಹತ್ತು ನಿಮಿಷ ಸಾಕು. ಶೀಟಿನ ಲಿಂಕ್ ಇದ್ದವರೆಲ್ಲ ನೋಡಬಹುದು ಎಂಬ ಸೆಟ್ಟಿಂಗನ್ನು ಇವತ್ತೇ ತೆಗೆಯಿರಿ.

ನಾವು ಈಗ ಬಳಸುತ್ತಿರುವುದು ಕುರ್ಚಿಯ ಬೆನ್ನಿನ ಚಾಟ್ ಕೋಡು, ಬಾಗಿಲ ಬಳಿ ಕಾರ್ಡು, ಹಿಂದೆ ಒಂದು ಶೀಟು. ಕಾರ್ಡನ್ನು ಕಾಣಿಕೆ ಚೀಲಕ್ಕೆ ಹಾಕಿಸುವುದಿಲ್ಲ, ನೇರ ಕೈಗೇ ತೆಗೆದುಕೊಳ್ಳುತ್ತೇವೆ. ಆ ನೆಪದಲ್ಲಿ ಎರಡು ಮಾತೂ ಆಗುತ್ತದೆ. ಮೊದಲ ಮೆಸೇಜು ಅದೇ ದಿನ, ಎರಡನೆಯದು ಮುಂದಿನ ಶನಿವಾರ. ಎರಡಕ್ಕೂ ಉತ್ತರ ಬಾರದಿದ್ದರೆ ಮೂರನೆಯದು ಕಳಿಸುವುದಿಲ್ಲ. 'ಮುಂದೇನು' ಎಂಬ ಕಾಲಮ್ಮಿನಲ್ಲಿ 'ನಿಲ್ಲಿಸಿದೆ' ಎಂದು ಬರೆಯುತ್ತೇವೆ, ವರ್ಷದ ಕೊನೆಗೆ ಆ ಸಾಲುಗಳನ್ನು ಅಳಿಸುತ್ತೇವೆ.