ಗೋಲ್ಡನ್ ಬ್ರಿಡ್ಜ್ ಪಾಟರಿಯ ಊಟದ ಪಾತ್ರೆಗಳು: ದಿನಬಳಕೆಗೆ ಹೇಗೆ?

ಡೆಬೊರಾ ಸ್ಮಿತ್ ಮತ್ತು ರೇ ಮೀಕರ್ 1971ರಲ್ಲಿ ಪುದುಚೇರಿಯಲ್ಲಿ ಶುರುಮಾಡಿದ ಈ ಕುಂಬಾರಿಕೆ ಕೇಂದ್ರಕ್ಕೆ ಹೆಸರು ಬಂದದ್ದು ದಿನಬಳಕೆಯ ಸ್ಟೋನ್‌ವೇರ್‌ನಿಂದ, ಅಂದರೆ ಕಲ್ಲಿನಂತೆ ಗಟ್ಟಿಯಾಗಿ ಸುಟ್ಟ ಮಣ್ಣಿನ ಪಾತ್ರೆಗಳಿಂದ. ಸ್ಟೋನ್‌ವೇರ್ ಸುಮಾರು 1,200ರಿಂದ 1,300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುವುದರಿಂದ ಮಣ್ಣು ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ. ಹುಳಿ, ಮಜ್ಜಿಗೆ ಹಾಕಿಟ್ಟರೂ ಪಾತ್ರೆ ಅದನ್ನು ಹೀರುವುದಿಲ್ಲ.

ಕೊಳ್ಳುವಾಗ ಬಟ್ಟಲನ್ನು ಮಗುಚಿ ನೋಡಿ. ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಇಲ್ಲದ ತಳದ ಅಂಚು ಒರಟಾಗಿದ್ದರೆ ಮೇಜು ಗೀರುತ್ತದೆ. ಒದ್ದೆ ಮಾಡಿದ ವಾಟರ್ ಪೇಪರಿನಲ್ಲಿ (ನೀರಿಗೆ ಹಾಳಾಗದ ಉಜ್ಜುಕಾಗದ) ಉಜ್ಜಿದರೆ ಸರಿಹೋಗುತ್ತದೆ. ಟೀಪಾಟ್ ಆದರೆ ನೀರು ತುಂಬಿ ಬಗ್ಗಿಸಲೇಬೇಕು. ಮೂತಿಯ ತುದಿ ದಪ್ಪಗೆ, ದುಂಡಗಿದ್ದರೆ ಕೊನೆಯ ಹನಿ ಹೊರಮೈ ಮೇಲೆ ಇಳಿಯುತ್ತದೆ. ತುದಿ ಚೂಪಾಗಿದ್ದರೆ ಧಾರೆ ಕಡಿದಂತೆ ನಿಲ್ಲುತ್ತದೆ. ಕುಂಬಾರರ ಕೈ ಎಷ್ಟು ಪಳಗಿದೆ ಎಂದು ತಿಳಿಯುವುದು ಇಲ್ಲೇ.

ಗ್ಯಾಸ್ ಒಲೆಯ ಮೇಲೆ ಮಾತ್ರ ಇಡಬೇಡಿ. ತಳ ಒಂದೇ ಕಡೆ ಕಾದು, ಹಿಗ್ಗಿ, ಬಿರುಕು ಬಿಡುತ್ತದೆ. ಫ್ರಿಜ್‌ನಿಂದ ತೆಗೆದ ಕೂಡಲೇ ಕುದಿನೀರು ಸುರಿದರೂ ಅಷ್ಟೇ. ಸ್ಟೀಲಿಗಿಂತ ಭಾರ ನಿಜ, ಆದರೆ ಸಾರು ಬೇಗ ಆರುವುದಿಲ್ಲ.