ಬ್ಯಾಟರಿ ಬ್ರಶ್ಶಾ, ಸ್ಟಾರ್ ಚಾರ್ಟಾ, ಅತ್ತೆಯ ಮಾವಿನ ಎಲೆಯಾ?

ಮಗಳಿಗೆ 7, ಮಗನಿಗೆ 4. ಕಳೆದ ವರ್ಷ ಮಗಳ ದವಡೆಯ ಹಾಲುಹಲ್ಲಿನಲ್ಲಿ ಹುಳುಕು ಕಂಡಾಗ ನಾನು ಸುಮ್ನಿದ್ದೆ. ಹೇಗೂ ಬೀಳುವ ಹಲ್ಲು ಅಲ್ವಾ? ಆ ಹಲ್ಲು 10-12 ವರ್ಷದವರೆಗೂ ಬೇಕು, ಅದರ ಹಿಂದೆ 6ನೇ ವಯಸ್ಸಿಗೆ ಬರುವ ದವಡೆ ಹಲ್ಲಂತೂ ಜೀವನಪೂರ್ತಿ ಇರುವುದು ಅಂತ ಡಾಕ್ಟರು ಹೇಳಿದ ಮೇಲೆ ನಮ್ಮ ಉಡುಪಿಯ ಮನೆಯಲ್ಲಿ ಮಕ್ಕಳಿಂದ ಸರಿಯಾಗಿ ಹಲ್ಲುಜ್ಜಿಸುವ ಪ್ರಯೋಗ ಶುರುವಾಯಿತು.

ಮೊದಲು ಬ್ಯಾಟರಿ ಬ್ರಶ್. 350 ರೂಪಾಯಿ, ಗುಂಡಿ ಒತ್ತಿದರೆ 2 ನಿಮಿಷ ಹಾಡು. ಒಂದು ವಾರ ನಾನು ಮೊದಲು ತಾನು ಮೊದಲು ಅಂತ ಜಗಳ. ಆಮೇಲೊಂದು ದಿನ ನೋಡಿದರೆ ಮಗ ಹಾಡು ಹಾಕಿ, ಬ್ರಶ್ಶನ್ನು ಎದುರಿನ ಎರಡು ಹಲ್ಲಿಗೆ ಹಿಡಿದುಕೊಂಡು ಕಿಟಕಿ ಹೊರಗೆ ಬೆಕ್ಕು ನೋಡುತ್ತಾ ನಿಂತಿದ್ದಾನೆ. ಜುಲೈ ಮಳೆಗೆ ಸೆಲ್ ಇಡುವ ಜಾಗಕ್ಕೆ ತೇವ ಹೋಗಿ ಹಾಡೂ ನಿಂತಿತು. ಈಗ ಅದರಲ್ಲಿ ಅತ್ತೆ ಹಿತ್ತಾಳೆ ದೀಪದ ಸಂದಿ ತಿಕ್ಕುತ್ತಾರೆ.

ಅದಕ್ಕಿಂತ 30 ರೂಪಾಯಿಯ ಸಣ್ಣ ತಲೆಯ, ಮೆತ್ತನೆ ಬ್ರಶ್ಶೇ ವಾಸಿ. ದವಡೆಯ ಮೂಲೆಗೂ ಹೋಗುತ್ತದೆ. ಮಳೆಗಾಲದಲ್ಲಿ ಅದಕ್ಕೆ ಮುಚ್ಚಳ ಹಾಕಬೇಡಿ, ಒಣಗದೆ ವಾಸನೆ ಬರುತ್ತದೆ.

ಹಲ್ಲುಜ್ಜಿದರೆ ಒಂದು ಸ್ಟಾರ್ ಅಂಟಿಸುವ ಸ್ಟಾರ್ ಚಾರ್ಟ್ ಮಗಳ ಮೇಲೆ ಮೂರು ವಾರ ನಡೆಯಿತು. ನಾಲ್ಕನೇ ವಾರ, "ಅಮ್ಮ, ಇವತ್ತು ಎರಡು ಸ್ಟಾರ್ ಕೊಟ್ರೆ ಮಾತ್ರ" ಅಂತ ಚೌಕಾಶಿ. ಮಗನಿಗೋ ಅಂಟಿಸುವುದೇ ಆಟ, ಹಲ್ಲುಜ್ಜದೆಯೇ ಬೆಳಿಗ್ಗೆ ನಾಲ್ಕು ಸ್ಟಾರ್ ಅಂಟಿಸಿದ್ದ.

"ಎಂತ ಮಾರಾಯ್ತಿ, ಹಲ್ಲುಜ್ಜಲಿಕ್ಕೆ ಬ್ಯಾಟರಿಯಾ?" ಅಂತ ಅತ್ತೆ ಮೊದಲ ದಿನವೇ ಕೇಳಿದ್ದರು. ಅವರದು ಮಾವಿನ ಎಲೆ. ಬೆಳಿಗ್ಗೆ ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿಕೊಂಡು, ಎಲೆಯ ನಡುವಿನ ಕಡ್ಡಿ ತೆಗೆದು, ಎಲೆ ಮಡಚಿ ತಾವೂ ಉಜ್ಜುತ್ತಾ ಅವರಿಂದಲೂ ಉಜ್ಜಿಸುತ್ತಿದ್ದರು, ಕಡ್ಡಿ ಸೀಳಿ ನಾಲಿಗೆ ಕೆರೆಯುವುದಂತೂ ಮಕ್ಕಳಿಗೆ ಭಾರಿ ಖುಷಿ. ಒಂದು ದಿನವೂ ಅಳು ಇಲ್ಲ! ಆದರೆ ಎಲೆ ಹಲ್ಲಿನ ಸಂದಿಗೆ ಹೋಗುವುದಿಲ್ಲ, ಹುಳುಕು ತಡೆಯುವ ಫ್ಲೋರೈಡೂ ಇಲ್ಲ. ಜತೆಗೆ ಉಮಿಕರಿಯೂ (ಸುಟ್ಟ ಭತ್ತದ ಹೊಟ್ಟಿನ ಪುಡಿ) ಬಂತು. ಅದನ್ನು ನಾನು ನಿಲ್ಲಿಸಿದೆ, ಒರಟು ಪುಡಿ ದಿನಾ ತಿಕ್ಕಿದರೆ ಹಲ್ಲಿನ ಮೇಲ್ಪದರ ಸವೆಯುತ್ತದೆ. ಅತ್ತೆಗೆ ಎರಡು ದಿನ ಮುನಿಸು.

ಜಗಲಿಯ ಆ ಗುಂಪು ನೋಡಿಯೇ ನನಗೆ ಹೊಳೆದದ್ದು. ನಾವು ಮಕ್ಕಳಿಗೆ "ಹೋಗಿ ಉಜ್ಜಿ" ಅಂತಿದ್ದೆವು, ಅತ್ತೆ ಕೂತು ತಾವೇ ಉಜ್ಜುತ್ತಿದ್ದರು. ಈಗ ರಾತ್ರಿ ಊಟ ಆದ ಕೂಡಲೇ, 8 ಗಂಟೆಗೆ, ಬೇಸಿನ್ ಎದುರು ನಾಲ್ಕೂ ಜನ ನಿಲ್ಲುತ್ತೇವೆ. ಮೊದಲು ಮಲಗುವ ಹೊತ್ತಿಗೆ ಉಜ್ಜಿಸುತ್ತಿದ್ದೆ, ಅರ್ಧ ನಿದ್ದೆಯಲ್ಲಿ ಬರೀ ರಂಪ. ಈಗ 8ರ ನಂತರ ನೀರು ಬಿಟ್ಟು ಬೇರೇನೂ ಇಲ್ಲ. ನಿದ್ದೆಯಲ್ಲಿ ಜೊಲ್ಲು ಕಮ್ಮಿ, ಬಾಯಿ ತೊಳೆಯುವ ಕೆಲಸ ನಿಲ್ಲುತ್ತದೆ, ಹಾಗಾಗಿ ಬೆಳಿಗ್ಗೆಗಿಂತ ರಾತ್ರಿಯದ್ದೇ ಮುಖ್ಯ. ಅವರದು ಮುಗಿದ ಮೇಲೆ ದವಡೆಗೆ ನಾನೊಮ್ಮೆ ಬ್ರಶ್ ಆಡಿಸುತ್ತೇನೆ. 7-8 ವರ್ಷದವರೆಗೆ ಮಕ್ಕಳ ಕೈಯಲ್ಲಿ ಅದು ಸರಿಯಾಗಿ ಆಗುವುದಿಲ್ಲ.

ಪೇಸ್ಟ್ ಬಗ್ಗೆ ಎರಡೇ ಮಾತು. ಸ್ಟ್ರಾಬೆರಿ ರುಚಿಯದ್ದನ್ನು ಮಗ ನುಂಗುತ್ತಿದ್ದ, ಬದಲಾಯಿಸಿದೆ. ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ, ಮಕ್ಕಳ ಪೇಸ್ಟ್ ಕೆಲವದರಲ್ಲಿ ಫ್ಲೋರೈಡೇ ಇರುವುದಿಲ್ಲ. ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ಇರುವುದು ಬೇಕು. 3 ವರ್ಷದೊಳಗೆ ಅಕ್ಕಿ ಕಾಳಿನಷ್ಟು, 6ರವರೆಗೆ ಬಟಾಣಿಯಷ್ಟು. ಉಗಿದರೆ ಸಾಕು, ಮತ್ತೆ ಮತ್ತೆ ಬಾಯಿ ಮುಕ್ಕಳಿಸಬೇಕಾಗಿಲ್ಲ.

ಯಕ್ಷಗಾನದ ಆಟಕ್ಕೆ ಹೋದ ರಾತ್ರಿ ಮಾತ್ರ ಇದ್ಯಾವುದೂ ನಡೆಯುವುದಿಲ್ಲ. ಚುರುಮುರಿ, ಐಸ್ ಕ್ಯಾಂಡಿ ತಿಂದು, ಮಹಿಷಾಸುರ ಬರುವ ಮೊದಲೇ ಇಬ್ಬರೂ ಮಡಿಲಲ್ಲಿ ನಿದ್ದೆ. ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ಹಲ್ಲು ಒರೆಸಿ ಮಲಗಿಸುತ್ತೇನೆ, ಅದಕ್ಕೂ ಮಗ ಬೆರಳು ಕಚ್ಚುತ್ತಾನೆ.