ಅಂಗಳಕ್ಕೆ ಜಿಪಿಆರ್ (ಅಗೆಯದೇ ನೆಲದಡಿ ಏನಿದೆ ಅಂತ ನೋಡೋ ರೇಡಾರ್) ಸ್ಕ್ಯಾನ್ ಮಾಡಿಸಿದ್ವಿ, 5ಕ್ಕೆ 3.5 ಕೊಡ್ತೀನಿ

ಬೆಂಗಳೂರಿನ ಹನುಮಂತನಗರದಲ್ಲಿ ತಾತ ಕಟ್ಟಿಸಿದ್ ಮನೆ ನಮ್ದು, ಹೊಸ ಸಂಪ್ ತೋಡಿಸ್ಬೇಕಿತ್ತು, ಆದ್ರೆ ಕಾವೇರಿ ಪೈಪ್ ಎಲ್ಲಿದೆ ಯುಜಿಡಿ (ಒಳಚರಂಡಿ) ಲೈನ್ ಎಲ್ಲಿದೆ ಯಾರಿಗೂ ಗೊತ್ತಿಲ್ಲ. ಪ್ಲಂಬರ್ "ಅಗೆದ್ರೆ ಗೊತ್ತಾಗುತ್ತೆ ಬಿಡಿ ಸಾರ್" ಅಂದ. ಹಿಂದಿನ್ ಸಲ ಹಂಗೇ ಅಗೆದು ಪೈಪ್ ಒಡೆದು ಎರಡ್ ದಿನ ಟ್ಯಾಂಕರ್ ತರಿಸಿದ್ವಿ, ಅದಕ್ಕೇ ಈ ಸಲ ಸ್ಕ್ಯಾನ್ ಮಾಡೋರನ್ನ ಕರೆಸ್ದೆ. ಅರ್ಧ ದಿನಕ್ಕೆ 12,000 ರೂಪಾಯಿ.

ಮಷಿನ್ ನೋಡಕ್ಕೆ ಮಗು ತಳ್ಳೋ ಗಾಡಿ ಥರ. ತಳದಲ್ಲಿ 400 ಮೆಗಾಹರ್ಟ್ಸ್ ಆಂಟೆನಾ, ರೇಡಿಯೋ ಅಲೆ ಕೆಳಗೆ ಬಿಡುತ್ತೆ, ಪೈಪೋ ಬೇರೆ ಥರ ಮಣ್ಣೋ ಸಿಕ್ಕಿದ ಕಡೆ ಒಂದಷ್ಟು ವಾಪಸ್ ಬರುತ್ತೆ, ಎಷ್ಟು ಹೊತ್ತಿಗೆ ಬಂತು ಅನ್ನೋದ್ರಲ್ಲೇ ಆಳದ ಲೆಕ್ಕ. ಒಂದು ಮೀಟರ್ ಕೆಳಗೆ ಹೋಗಿ ಬರಕ್ಕೆ ಸುಮಾರು 20 ನ್ಯಾನೋಸೆಕೆಂಡ್! ಸ್ಕ್ರೀನಲ್ಲಿ ಪೈಪ್ ದುಂಡಗೆ ಕಾಣುತ್ತೆ ಅಂದ್ಕೊಂಡಿದ್ದೆ, ಕಾಣೋದು ಬಿಚ್ಚಿದ ಕೊಡೆ ಥರ ಕಮಾನು, ಯಾಕಂದ್ರೆ ಗಾಡಿ ಇನ್ನೂ ಆಚೆ ಇರುವಾಗ್ಲೇ ಎಕೋ ಬರಕ್ಕೆ ಶುರುವಾಗಿ, ನೆತ್ತಿ ಮೇಲೆ ಬಂದಾಗ ತುಂಬ ಹತ್ರ ಆಗಿ, ಮತ್ತೆ ದೂರ ಆಗುತ್ತೆ.

ಜಿಐ ಪೈಪ್ ಮೊದಲ್ನೇ ರೌಂಡಲ್ಲೇ ಸಿಕ್ತು. ಪಿವಿಸಿ ಮಂಕಾಗಿತ್ತು, ಮಷಿನ್ ತಳ್ಳೋ ಹುಡುಗ "ಬಾತ್‌ರೂಮಲ್ಲಿ ನಲ್ಲಿ ಬಿಡಿ ಆಂಟಿ" ಅಂತ ಅಮ್ಮಂಗೆ ಹೇಳ್ದ, ನೀರು ಹರಿತಿದ್ದಂಗೆ ಕಮಾನು ಎದ್ದು ಕಾಣ್ತು. ಮಜಾ ಬಂದಿದ್ದು ಮುಚ್ಚಿಹಾಕಿದ್ ಬಾವಿ ವಿಷ್ಯದಲ್ಲಿ. ಪಾರಿಜಾತದ ಬುಡದಲ್ಲೇ ಇತ್ತು ಅಂತ ಅಮ್ಮಂದು ಹಟ. ಸ್ಕ್ಯಾನಲ್ಲಿ ನೋಡಿದ್ರೆ ನಾಲ್ಕಡಿ ಆಚೆ, ಕಾರ್ ನಿಲ್ಸೋ ಜಾಗದಲ್ಲಿ, ಮಣ್ಣಿನ ಪದರ ನೀಟಾಗಿ ಬಂದು ಅಲ್ಲಿ ಮಾತ್ರ ಕಲಸಿಟ್ಟಂಗಿತ್ತು. ಅಮ್ಮ ಇನ್ನೂ ಒಪ್ಪಿಲ್ಲ.

ಇನ್ನು ಬೇಜಾರಾಗಿದ್ದು. ಫೋನಲ್ಲಿ 5 ಮೀಟರ್ ಗ್ಯಾರಂಟಿ, ಬೋರ್‌ವೆಲ್ ಪಾಯಿಂಟೂ ನೋಡ್ಕೊಡ್ತೀವಿ ಅಂದಿದ್ರು. ಹಿಂದಿನ್ ರಾತ್ರಿ ಮಳೆ ಬಂದಿತ್ತು, ನಮ್ದು ಜೇಡಿ ಬೆರೆತ ಕೆಮ್ಮಣ್ಣು, ಒದ್ದೆ ಜೇಡಿ ಈ ಅಲೆನ ನುಂಗ್ಬಿಡುತ್ತೆ, ಒಂದೂವರೆ ಮೀಟರ್ ಕೆಳಗೆ ಬರೀ ಹೊಗೆ. 1972ರಲ್ಲಿ ಅಪೊಲೊ 17 ಇಂಥದ್ದೇ ರೇಡಿಯೋ ಅಲೆ ಬಿಟ್ಟು ಚಂದ್ರನ ನೆಲದಡಿ ಪದರ ನೋಡಿತ್ತಲ್ಲ ಅಂದೆ, "ಅಲ್ಲಿ ಮಳೆ ಬರಲ್ಲ ಸಾರ್, ಅದರ ಅಲೆನೂ 5 ಮೆಗಾಹರ್ಟ್ಸಿಂದು, ಮೆಗಾಹರ್ಟ್ಸ್ ಕಮ್ಮಿ ಆದಷ್ಟೂ ಆಳಕ್ಕೆ ಹೋಗುತ್ತೆ" ಅಂದ ಹುಡುಗ. ಬೋರ್‌ವೆಲ್ ಸಾವಿರ ಅಡಿ ದಾಟೋ ಊರಲ್ಲಿ ಈ ಗಾಡಿ ಯಾವ ಪಾಯಿಂಟ್ ನೋಡುತ್ತೆ ಹೇಳಿ, ಆ ಹುಡುಗನೇ "ಅದು ಸೇಲ್ಸ್‌ನೋರು ಹೇಳಿರ್ತಾರೆ" ಅಂತ ಮೆಲ್ಲಗೆ ಅಂದ.

ಮಾಡಿಸೋದಾದ್ರೆ ಬೇಸಿಗೇಲಿ ಮಾಡಿಸಿ. ಮಾರ್ಕ್‌ಗೆ ಪೇಂಟ್ ಹಾಕ್ಸಿ, ನಮ್ಗೆ ಸುಣ್ಣದ ಪುಡೀಲಿ ಹಾಕಿ ಹೋದ್ರು, ಮಾರನೇ ದಿನ ಬೆಳಗ್ಗೆ ಅಂಗಳಕ್ಕೆ ನೀರು ಹಾಕಿದ್ ತಕ್ಷಣ ಅರ್ಧ ತೊಳ್ಕೊಂಡ್ ಹೋಯ್ತು, ಪುಣ್ಯಕ್ಕೆ ಫೋಟೋ ತೆಗೆದಿದ್ದೆ.